ಒಂಬತ್ತು ಯೂನಿಟ್ಟು

ಹನ್ನೊಂದು ಮನೆಯ ಕರೆಂಟು ಬಿಲ್ಲು
ಕಟ್ಟುತ್ತಿದ್ದವಳು ನಾನು.
ಉಚಿತದ ಪಟ್ಟಿಗೆ ಹತ್ತದ ವಠಾರ ನಮ್ಮದು.
ದಾವಣಗೆರೆಯ ಬಿಸಿಲಲ್ಲಿ ಪಿ.ಬಿ. ರಸ್ತೆ ದಾಟಿ
ಬಿಲ್ಲಿನಲ್ಲೇ ಸುತ್ತಿದ ದುಡ್ಡು, ಮೇಲೊಂದು ರಬ್ಬರು.

ಬಾಯಿಬಿಡದ ಮನೆಗಳನ್ನೂ
ಯೂನಿಟ್ಟಿನಲ್ಲಿ ಓದಿಕೊಂಡೆ.
ಹಾಲಮ್ಮನಿಗೆ ಫ್ರಿಜ್ಜು ಬಂದದ್ದು
ಅವಳು ಹೇಳುವ ಮೊದಲೇ ಗೊತ್ತು.
ಮಂಡಕ್ಕಿ ಭಟ್ಟಿಯ ಚಮನ್ ಸಾಬರ ಮಗಳು
ಪರೀಕ್ಷೆಗೆ ಕೂತ ತಿಂಗಳು
ಇಪ್ಪತ್ತೆರಡು ಹೆಚ್ಚು.
ಕೊನೇ ಮನೆ ರೇವಣ್ಣ, ಹೆಂಡತಿ ಹೋದ ಮೇಲೆ
ಒಂಬತ್ತೇ ಯೂನಿಟ್ಟು.
ಅವತ್ತು ಸಂಜೆ ಸಾರು ಒಯ್ದೆ.

ಈಗ ಕೌಂಟರಿನ ಕಿಂಡಿಗೆ ಹಲಗೆ ಬಡಿದಿದ್ದಾರೆ.
ಹೊಸ ಮೀಟರು: ಮೊದಲು ದುಡ್ಡು, ಆಮೇಲೆ ದೀಪ,
ಫೋನಿಗೆ ಹಾಕಿಸಿದ ಹಾಗೆ.

ಲೈನ್‌ಮನ್ ತಿಪ್ಪೇಶಿ ಫ್ಯೂಸು ಕೀಳಲು ಬಂದರೆ
'ಸೋಮಾರದ ತನಕ ತಡ್ಕಳಪ್ಪ' ಅನ್ನುತ್ತಿದ್ದೆವು,
ಕಂಬ ನೋಡುತ್ತಾ ಚಾ ಕುಡಿದು ಹೋಗುತ್ತಿದ್ದ.
ಈ ಪೆಟ್ಟಿಗೆಗೆ
ಚಾ ಬೇಡ.

ನಿನ್ನೆ ರಾತ್ರಿ ಎಂಟೂಕಾಲಿಗೆ
ರೇವಣ್ಣನ ಮನೆ ಕತ್ತಲಾಯಿತು.
ಉಂಡ ತಟ್ಟೆ ಹಿಡಿದೇ ಹೊಸ್ತಿಲಿಗೆ ಬಂದು ನಿಂತ,
ತಪ್ಪು ತನ್ನದೇ ಎಂಬಂತೆ.
ಚಮನ್ ಸಾಬರ ಮಗಳು ಓಡಿ ಬಂದಳು,
ಅವಳ ಫೋನಿನಿಂದ ಐವತ್ತು ರೂಪಾಯಿ,
ಎರಡು ಸಲ ಸುತ್ತಿ ಸುತ್ತಿ ನಿಂತು
ಮೂರನೇ ಸಲಕ್ಕೆ ಹೋಯಿತು. ದೀಪ ಬಂತು.
'ಕೊಟ್ರಮ್ಮಾ, ಎಲ್ಲರ ನಂಬರೂ ಇನ್ಮೇಲೆ ನಂಗೆ ಕೊಡಿ.'

ಹೇಳಿದೆ, ಹನ್ನೊಂದೂ ಬಾಯಿಪಾಠ.
ಅವಳು ಒತ್ತಿಕೊಳ್ಳುತ್ತಿದ್ದಳು, ತಲೆಯೆತ್ತದೆ.
ಹೊರಡುವಾಗ ಕರೆದು ಅಂದೆ:
ಕೊನೇ ನಂಬರು
ಒಂಬತ್ತಕ್ಕಿಂತ ಇಳಿದರೆ ಹೇಳವ್ವ,
ನಾನು ಬೇಳೆ ಇಡಬೇಕು.