ಚೆಕ್ಕುಬಂದಿ

ಐದೂವರೆ ಸೆಂಟ್ಸ್, ಕುಲಶೇಖರ.
ಸೊಸೈಟಿ ಸಾಲ ಇನ್ನೂ ಹನ್ನೊಂದು ವರ್ಷ.
ಪತ್ರದಲ್ಲಿ ಬರೆದಿದ್ದಾರೆ: ಪೂರ್ವಕ್ಕೆ
ಗ್ರೆಟ್ಟಾ ಸಲ್ಡಾನರ ವರ್ಗ ಜಾಗ.

ಸರ್ವೆಯವನ ಟೇಪು ಬಿದ್ದದ್ದು
ಜೀಗುಜ್ಜೆ ಮರದ ನಟ್ಟನಡು ಬುಡಕ್ಕೆ.
ಅರ್ಧ ನಿಮ್ಮದು, ಅರ್ಧ ಅವರದು ಎಂದು
ಬೊಂಡ ಕುಡಿದು ಹೋದ.

ಕಡಿಯುವ ಎಂದ ಮೇಸ್ತ್ರಿ ಚನಿಯಪ್ಪ,
ಕಲ್ಲಿನ ಸಾಲು ನೇರ ಬರಬೇಕಲ್ಲ.
ನಾನು ಗ್ರೆಟ್ಟಾಬಾಯಿಯ ಮುಖ ನೋಡಿದೆ,
ಅವರು ನನ್ನದು.
ಮೂರು ವರ್ಷದಲ್ಲಿ ಅದೇ ಮೊದಲು.

ಈಗ ಕೆಂಪುಕಲ್ಲಿನ ಗೋಡೆ ಮರದವರೆಗೆ ಬಂದು
ನಿಲ್ಲುತ್ತದೆ; ಬೇರಿಗೆ ಎರಡಡಿ ಬಿಟ್ಟು
ಮತ್ತೆ ಶುರು. ಆ ಸಂದಿಯಲ್ಲಿ
ಅವರ ಕೋಳಿಗಳು ನನ್ನ ಬಸಳೆಗೆ,
ನನ್ನ ಮಗ ಅವರ ಟಿವಿಗೆ,
ನಳ್ಳಿ ಬಾರದ ದಿನ
ಅವರ ಬಾವಿಯಿಂದ ತುಳುಕುತ್ತ ನನ್ನ ಕೊಡ.

ಯಾವ ಕಾಯಿ ಯಾರ ಅರ್ಧದ್ದೆಂದು
ಮರ ಹೇಳುವುದಿಲ್ಲ. ಪೋಡಿ ಕರಿದವರು
ತಟ್ಟೆ ತುಂಬಿಸಿ ದಾಟಿಸುತ್ತಾರೆ,
ಖಾಲಿ ತಟ್ಟೆ ಮರಳಿಸುವ ಹಾಗಿಲ್ಲ.

ಬುಡದಲ್ಲಿ ನನ್ನ ಹೆಸರು ಕೊರೆಸಿದ ಸ್ಟೀಲಿನದೊಂದು
ಕ್ರಿಸ್ಮಸ್ಸಿನಿಂದ ಅಲ್ಲೇ ಇದೆ.
ಕೇಳುವ ಅಂತ ಹೋಗಿ
ಎರಡು ಸಲ
ಚಾ ಕುಡಿದು ಬಂದೆ.