ನಾಯಿಗೆಂದು ಎರಡು ತುಂಡು

ಹಲ್ ಪಟ್ಟಣದ ಹಳೆ ಮೀನುಧಕ್ಕೆಯ ಹಿಂದೆ
ತಗಡಿನ ಮಾಡಿನ ನಮ್ಮ ಕ್ಲಬ್ಬು.
ಗುರುವಾರ ನಾಲ್ಕಕ್ಕೆ ಬಾಗಿಲು ತೆರೆದರೆ
ಚಳಿಯೇ ಮೊದಲು ಒಳಗೆ ಬರುತ್ತದೆ,
ಅದರ ಬೆನ್ನಿಗೇ ಹುಡುಗರು.

ಟೇಬಲ್ ಟೆನಿಸ್ ಮೇಜಿಗೆ ಒಂದು ಕಾಲು ಮೋಟು,
ಯಾವುದೋ ಕಾಲದ ಟೆಲಿಫೋನ್ ಪುಸ್ತಕ ಅದಕ್ಕೆ ಒತ್ತು.
ಬಾಕ್ಸಿಂಗ್ ಗವಸು ಇರುವುದೇ ಮೂರು:
ಇಬ್ಬರು ನಿಂತರೆ ಒಬ್ಬನ ಎಡಗೈ ಬರಿದು.

ನನ್ನ ಪಾಲಿಗೆ ಟೋಸ್ಟು.
ತಲೆಗೆ ಎರಡು ತುಂಡು. ಲೆಕ್ಕ ಬರೆಯಬೇಕು,
ಸಮಿತಿ ಕೇಳುತ್ತದೆ.

ಕ್ಯಾಲಮ್ ಮಾತ್ರ ತಿಂದು, ತೋಳಿಗೆ ಬಾಯೊರೆಸಿ,
ಮತ್ತೆ ಬಂದು ನಿಲ್ಲುತ್ತಾನೆ:
‘ಇನ್ನೆರಡು. ನಾಯಿಗೆ.’
‘ಬೆಣ್ಣೆ ಹಚ್ಚಲಾ, ನಾಯಿಗೆ?’
‘ಹೂಂ. ಅಂಚು ಕತ್ತರಿಸಿ. ಅಂಚು ತಿನ್ನಲ್ಲ ಅದು.’

ಹೆಸರೇನಪ್ಪ ಅದಕ್ಕೆ, ಎಂದೆ ಒಮ್ಮೆ.
ಗೋಡೆ ನೋಡಿದ, ಶೂ ನೋಡಿದ,
‘ಟಿಲ್ಲಿ’ ಅಂದ.
ಅವತ್ತಿನಿಂದ ಪುಸ್ತಕದಲ್ಲಿ ಟಿಲ್ಲಿಗೂ ಒಂದು ಸಾಲು.
ಸಮಿತಿಯ ಬ್ರಾಮ್‌ವೆಲ್ ಕನ್ನಡಕ ಏರಿಸಿ
‘ಇದು ಯಾರು?’ ಎಂದರು.
‘ಸದಸ್ಯೆ,’ ಎಂದೆ.
‘ಕಂಡೇ ಇಲ್ಲವಲ್ಲ!’
‘ನಾನೂ ಕಂಡಿಲ್ಲ.’
ಅವರು ಪುಟ ಮಗುಚಿದರು.

ಫೆಬ್ರವರಿಯ ಒಂದು ಸಂಜೆ
ಅವನ ಕೋಟಿನ ಚುಂಗು ಹಿಡಿದು ಬಂದಿತು
ನಾಲ್ಕು ವರ್ಷದ್ದೊಂದು ಜೀವ,
ಎರಡು ಕಾಲಿಗೆ ಎರಡು ಬಣ್ಣದ ಬೂಟು.

ಪಿಂಗ್‌ಪಾಂಗ್ ಚೆಂಡು ತಾನಾಗಿ ಉರುಳಿ ನಿಂತಿತು.
ಯಾರೂ ಏನೂ ಕೇಳಲಿಲ್ಲ.
ನಾನು ಚಾಕು ತೆಗೆದು
ಅಂಚು ಕತ್ತರಿಸತೊಡಗಿದೆ.
ಕ್ಯಾಲಮ್‌ನ ಕಿವಿ ಕೆಂಪಗಾಗಿತ್ತು.
ಕತ್ತರಿಸಿದ ಅಂಚುಗಳನ್ನು ಒಂದೊಂದಾಗಿ ಎತ್ತಿಕೊಂಡು
ಗೋಡೆ ನೋಡುತ್ತ
ಅವನೇ ತಿಂದ.