ಲೋ.ಇ. ೧೪

ಅಡುಗೆಮನೆಯ ಕಪಾಟಿಗೆ ಆರು ಬಾಗಿಲು.
ಆರೂ ಸಪಾಟು, ಆರೂ ಬೂದಿ,
ಲೋಕೋಪಯೋಗಿ ಇಲಾಖೆಗೆ ಗೊತ್ತಿರುವ ಒಂದೇ ಬಣ್ಣ.
ಮೂರನೆಯದರ ಎದೆಯ ಮೇಲೆ
ಯಾರೋ ಅವಸರದವನು ಬಿಳಿ ಪೇಂಟಿನಲ್ಲಿ ಬರೆದದ್ದು:
ಲೋ.ಇ. ೧೪.
ನಾಲ್ಕರ ಕೆಳಗೆ ಬಣ್ಣ ಸೋರಿ
ಹಿಡಿಯವರೆಗೂ ಇಳಿದಿದೆ.

ಗೋಣಿಕೊಪ್ಪದ ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸು.
ರಾತ್ರಿ ಪಾಳಿ ಮುಗಿಸಿ ಬಂದು
ಬೆಲ್ಲದ ಕಾಫಿಗೆ ನೀರಿಟ್ಟು ನಿಂತರೆ
ಎದುರಿಗೆ ಮತ್ತದೇ ಆರು ಮುಖ,
ದಾಖಲಾಗಿಯೂ ಹೆಸರು ಹೇಳದ ರೋಗಿಗಳ ಹಾಗೆ.
ಒಂಬತ್ತು ವರ್ಷ ನೋಡಿದೆ.
ಹತ್ತನೆಯದಕ್ಕೆ ಅಳತೆಯ ಟೇಪು ತಂದೆ.

ಐರಿಗಳ ಚಿಣ್ಣಪ್ಪನ ಅಂಗಡಿ ಸಂತೆಮಾಳದ ಹಿಂದೆ.
"ಬೀಟೆ ಗೀಟೆ ಕೇಳಬೇಡಿ ಸಿಸ್ಟರ್,
ಹೆಸರೆತ್ತಿದರೇ ಫಾರೆಸ್ಟಿನವರ ಕಿವಿ ನೆಟ್ಟಗಾಗುತ್ತೆ.
ಸಿಲ್ವರ್ ಇದೆ."
ಕಾಫಿಗೆ ನೆರಳು ಕೊಟ್ಟು
ಮೈತುಂಬ ಮೆಣಸಿನ ಬಳ್ಳಿ ಹೊತ್ತು
ಕೊನೆಗೆ ಹಲಗೆಯಾದ ಮರ;
ಹೆರೆದರೆ ಒಳಗೆ ಮೀನಿನ ಪೊರೆಯ ಮಿಂಚು.
ಮುಕ್ಕಾಲಿಂಚು ಅಗಲದ ಪಟ್ಟಿ, ಒಂದು ಬದಿ ದುಂಡು,
ನಲವತ್ತೆಂಟು ಅಡಿ.
"ಮೂಲೆ ಕೊಯ್ಯೋಕೆ ಬರುತ್ತಾ?"
"ಹಣೆ ಒಡೆದುಕೊಂಡು ಬಂದವರಿಗೆ ಹೊಲಿಗೆ ಹಾಕ್ತೇನೆ."
ನಕ್ಕ.
"ಚರ್ಮ ಎಳೆದರೆ ಬರುತ್ತೆ ಸಿಸ್ಟರ್. ಮರ ಬರೋಲ್ಲ."

ಬರಲಿಲ್ಲ.
ನಲವತ್ತೈದು ಡಿಗ್ರಿ ಕಾಗದದ ಮೇಲೆ ಎಷ್ಟು ಸಾಧು!
ಗರಗಸಕ್ಕೆ ಸಿಕ್ಕಿದ್ದೇ
ಒಂದು ನಲವತ್ತನಾಲ್ಕು, ಇನ್ನೊಂದು ನಲವತ್ತೇಳು.
ಮೊದಲ ಬಾಗಿಲ ನಾಲ್ಕು ಮೂಲೆಯಲ್ಲಿ
ಮೂರು ಬಾಯಿಬಿಟ್ಟುಕೊಂಡವು.
ಮರದ ಹುಡಿಗೆ ಅಂಟು ಕಲಸಿ
ಬೆರಳ ತುದಿಯಿಂದ ಒತ್ತಿ
ಒಣಗುವತನಕ ಪ್ಲಾಸ್ಟರ್ ಸುತ್ತಿದೆ.
(ಆಸ್ಪತ್ರೆಯದಲ್ಲ. ದುಡ್ಡು ಕೊಟ್ಟು ತಂದದ್ದು.)

ಮೊಳೆ ಹೊಡೆಯಲು ಸಂಜೆ ನಾಲ್ಕರಿಂದ ಐದು.
ನಮ್ಮ ಸಾಲಿನಲ್ಲಿ ಹಗಲೆಂದರೆ ಯಾರಿಗಾದರೂ ರಾತ್ರಿ,
ಸುತ್ತಿಗೆಗೆ ಬಟ್ಟೆ ಕಟ್ಟಿಯೇ ಬಡಿಯಬೇಕು.

ಎರಡನೆಯದಕ್ಕೆ ಗೊತ್ತಾಯಿತು, ಬಾಗಿಲೇ ಚೌಕವಲ್ಲ.
ಎಡಕ್ಕಿಂತ ಬಲ ಕಾಲಿಂಚು ಉದ್ದ.
ಇಷ್ಟು ವರ್ಷ ಸಪಾಟಾಗಿದ್ದು
ಅದನ್ನೇ ಮುಚ್ಚಿಕೊಂಡಿತ್ತು.
ಅಂಚು ಕಟ್ಟಿದೆ ನೋಡಿ,
ಸೊಟ್ಟ ಎದ್ದು ಕಂಡಿತು.

ಐದಕ್ಕೆ ಹಾಲುಕೆನೆಯ ಬಣ್ಣ ಬಳಿದೆ.
ಮೂರನೆಯದರ ಮುಂದೆ ಬ್ರಶ್ಶು ಹಿಡಿದು ನಿಂತಾಗ
ಔಷಧದ ಕೌಂಟರಿನ ರುಖಿಯಾ ಇಣುಕಿದಳು:
"ನಂಬರ್ ಅಳಿಸಿದರೆ ನೋಟೀಸ್ ಬರುತ್ತೆ, ನೋಡಿ."
ನೋಟೀಸಿನ ಭಯವೋ, ಬೇರೇನೋ,
ಆ ಸೋರಿದ ಗೆರೆಯ ಮೇಲೆ ಉಗುರಾಡಿಸಿದೆ.
ಬಾಗಿಲು ಗೋಡೆಯಲ್ಲಿ ನಿಂತಿರುವಾಗಲೇ ಬರೆದಿದ್ದಾನೆ;
ಮಲಗಿಸಿದ್ದರೆ ಸೋರುತ್ತಿರಲಿಲ್ಲ.
ಊಟದ ಹೊತ್ತಾಗಿತ್ತೇನೋ.
ಇನ್ನೂ ಎಷ್ಟು ಕ್ವಾರ್ಟರ್ಸು ಉಳಿದಿದ್ದವೋ.

ತುಂಡುಗಳನ್ನು ಆಯ್ದೆ.
ಗೇಣುದ್ದ ಎರಡು, ಚೋಟುದ್ದ ಎರಡು.
ನಂಬರಿನ ಸುತ್ತ ಒಂದು ಪುಟ್ಟ ಚೌಕಟ್ಟು.
ಅದರ ನಾಲ್ಕು ಮೂಲೆಯೂ ಕೂಡಿದವು,
ಕೂದಲೂ ತೂರದ ಹಾಗೆ.
ಆಗ ಕರೆದು ತೋರಿಸೋಣವೆಂದರೆ
ರುಖಿಯಾ ಡ್ಯೂಟಿಗೆ ಹೋಗಿದ್ದಳು.

ಮಾರ್ಚಿಯಲ್ಲಿ ಬಂದ ಕಿರಿಯ ಎಂಜಿನಿಯರು
ಪಟ್ಟಿ ತೆರೆದ: ಕಪಾಟು ಒಂದು, ಬಾಗಿಲು ಆರು, ಹಿಡಿ ಆರು.
ಅಂಚಿಗೆ ಕಾಲಂ ಇರಲಿಲ್ಲ.
ಮೂರನೆಯದರ ಮುಂದೆ ಬಗ್ಗಿದ,
ಕನ್ನಡಕ ಹಣೆಗೇರಿಸಿದ,
ಚೌಕಟ್ಟಿನ ಮೂಲೆಗೆ ಉಗುರು ತೂರಿಸಲು ನೋಡಿದ.
"ಇದನ್ನು ಯಾರು ಮಾಡಿದ್ದು?"
ಹೇಳಿದೆ.
ಮೊದಲ ಬಾಗಿಲಿನತ್ತ ತಿರುಗಿ,
"ಅದನ್ನು?"
ಅದನ್ನೂ ಹೇಳಿದೆ.
ಷರಾದಲ್ಲಿ ಏನೋ ಬರೆದುಕೊಂಡ. ತೋರಿಸಲಿಲ್ಲ.

ಅವನು ಹೋದಮೇಲೆ ಕಪಾಟು ತೆರೆದೆ.
ಅದೇ ಕಾಚಂಪುಳಿಯ ಬಾಟಲಿ, ಅದೇ ಅಕ್ಕಿತರಿಯ ಡಬ್ಬ,
ಮುಚ್ಚಳ ಕಳೆದ ಉಪ್ಪಿನ ಭರಣಿ.
ಬಾಗಿಲ ಹಿಂಬದಿ ಇನ್ನೂ ಬೂದಿ.
ಅರ್ಧ ಲೀಟರ್ ಬಣ್ಣ ಉಳಿದಿದೆ,
ಬಳಿಯುವ ಮನಸ್ಸಿಲ್ಲ.